ವರಪರೀಕ್ಷೆ: ಬುದ್ಧಿವಾದ ಯಾರಿಗೆ, ಆಯ್ಕೆ ಯಾರದು?

ಮದುವೆಯ ವಯಸ್ಸಿಗೆ ಬಂದ ಹೆಣ್ಣುಮಗಳಿಗೆ ಬುದ್ಧಿ ಹೇಳುವವರಿಗೆ ನಮ್ಮಲ್ಲಿ ಎಂದೂ ಬರವಿಲ್ಲ. ಹುಡುಗನಿಗೆ ನೌಕರಿ ಇದೆಯೇ, ಹೊಲ-ಮನೆ ಎಷ್ಟು, ಕುಡಿತ-ಜೂಜಿನ ಚಟ ಉಂಟೇ, ಮನೆತನ ಎಂಥದು, ಅತ್ತೆಯಾಗುವವಳ ಸ್ವಭಾವ ಹೇಗೆ, ಜಾತಕ ಕೂಡಿತೇ? ಈ ಪಟ್ಟಿ ಅಜ್ಜಿಯಿಂದ ಹಿಡಿದು ಮದುವೆ ದಲ್ಲಾಳಿಯವರೆಗೆ ಎಲ್ಲರಿಗೂ ಬಾಯಿಪಾಠ. ಪಟ್ಟಿ ಹೊಸದೂ ಅಲ್ಲ. ಧರ್ಮಶಾಸ್ತ್ರಗಳ ಕಾಲದಿಂದ ಅದು ಸಣ್ಣಪುಟ್ಟ ಬದಲಾವಣೆಗಳೊಂದಿಗೆ ನಡೆದುಬಂದಿದೆ.

ಆದರೆ ಇತಿಹಾಸದ ಪುಟಗಳನ್ನು ತಿರುವಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಯೋಗ್ಯ ವರನನ್ನು ಆರಿಸುವ ಬಗ್ಗೆ ನಮ್ಮ ಹಿರಿಯರು ಹೇಳಿದ ಬುದ್ಧಿವಾದದಲ್ಲಿ ಬಹುಪಾಲು ಹುಡುಗಿಗೆ ಹೇಳಿದ್ದಲ್ಲ. ಅವಳ ತಂದೆಗೆ ಹೇಳಿದ್ದು. ಹುಡುಗಿಗೆ ಹೇಳಿದ ಬುದ್ಧಿವಾದವೇ ಬೇರೆ. ಸಿಕ್ಕಿದ ಗಂಡನೊಡನೆ ಬಾಳುವುದು ಹೇಗೆ ಎಂಬುದಷ್ಟೇ ಅದರ ವಸ್ತು. ಪಟ್ಟಿ ತಂದೆಯ ಕೈಯಿಂದ ಮಗಳ ಕೈಗೆ ಬರಲು ಮುಂಬಯಿಯ ಒಂದು ಮೊಕದ್ದಮೆ, ಹಲವು ಕಾನೂನುಗಳು, ಕೆಲವು ಕಾದಂಬರಿಗಳು, ನೂರು ವರ್ಷಗಳಿಗೂ ಮೀರಿದ ಜಗಳ ಬೇಕಾದವು.

ತಂದೆಗೆ ಹೇಳಿದ ಮಾತು

ಯಾಜ್ಞವಲ್ಕ್ಯ ಸ್ಮೃತಿಯು ವರನನ್ನು ಎಚ್ಚರಿಕೆಯಿಂದ ಪರೀಕ್ಷಿಸಬೇಕೆಂದು ವಿಧಿಸುತ್ತದೆ. ಆತ ತರುಣನಾಗಿರಬೇಕು, ಬುದ್ಧಿವಂತನಾಗಿರಬೇಕು, ಜನರಿಗೆ ಬೇಕಾದವನಾಗಿರಬೇಕು, ಪುರುಷತ್ವದಲ್ಲಿ ಕೊರತೆ ಇರಬಾರದು. ಪರೀಕ್ಷೆ ಮಾಡುವವರು ಮಾತ್ರ ಕನ್ಯೆಯನ್ನು ಕೊಡುವ ಹಿರಿಯರು.

ಮನುಸ್ಮೃತಿಯ ಒಂಬತ್ತನೆಯ ಅಧ್ಯಾಯ ಇನ್ನೂ ಕುತೂಹಲಕರ. ಗುಣಹೀನನಿಗೆ ಕೊಡುವುದಕ್ಕಿಂತ ಮಗಳು ಸಾಯುವವರೆಗೆ ತವರಿನಲ್ಲೇ ಉಳಿಯುವುದು ಮೇಲು ಎಂದು ಅದು ಹೇಳುತ್ತದೆ. ಋತುಮತಿಯಾದ ಹುಡುಗಿ ಮೂರು ವರ್ಷ ಕಾಯಬೇಕು, ಆಮೇಲೂ ತಂದೆ ವರನನ್ನು ತರದಿದ್ದರೆ ತಾನೇ ಆರಿಸಿಕೊಳ್ಳಬಹುದು ಎಂದೂ ಅನುಮತಿ ನೀಡುತ್ತದೆ. ಆದರೆ ಅದೇ ಅಧ್ಯಾಯದಲ್ಲಿ ಮೂವತ್ತು ವರ್ಷದ ವರನಿಗೆ ಹನ್ನೆರಡರ ಕನ್ಯೆ, ಇಪ್ಪತ್ತನಾಲ್ಕರವನಿಗೆ ಎಂಟರ ಕನ್ಯೆ ಎಂಬ ಲೆಕ್ಕವೂ ಇದೆ. ಎಂಟು ವರ್ಷದ ಮಗುವಿನ ಮುಂದೆ ಯಾವ ಪಟ್ಟಿ ಹಿಡಿದು ಏನು ಪ್ರಯೋಜನ? ಮುಂದಿನ ಶತಮಾನಗಳಲ್ಲಿ ಗಟ್ಟಿಯಾಗಿ ಉಳಿದದ್ದು ಈ ವಯಸ್ಸಿನ ಲೆಕ್ಕವೇ ಹೊರತು, ತಾನೇ ಆರಿಸಿಕೊಳ್ಳುವ ಅನುಮತಿಯಲ್ಲ.

ನೇರವಾಗಿ ಕನ್ಯೆಗೇ ಸಲಹೆ ನೀಡಿದ ಪ್ರಾಚೀನ ಗ್ರಂಥ ಒಂದಿದೆ. ಅದು ವಾತ್ಸ್ಯಾಯನನ ಕಾಮಸೂತ್ರ. ಅದರ ಮೂರನೆಯ ಅಧಿಕರಣದಲ್ಲಿ, ಹಲವರು ಕೈ ಕೇಳಿ ಬಂದಾಗ ಹುಡುಗಿ ಯಾರನ್ನು ಒಪ್ಪಬೇಕು ಎಂಬ ಚರ್ಚೆ ಬರುತ್ತದೆ. ಹಲವು ಹೆಂಡಿರನ್ನು ಕಟ್ಟಿಕೊಂಡ ಗುಣಶಾಲಿಗಿಂತ ತನ್ನೊಬ್ಬಳ ಮಾತಿಗೆ ಬೆಲೆ ಕೊಡುವ ಬಡವನೇ ಮೇಲು ಎಂಬುದು ಅಲ್ಲಿನ ತೀರ್ಮಾನ. ಹುಡುಗಿಯ ಬಾಳುವೆಯನ್ನು ಅವಳ ಕಡೆಯಿಂದಲೇ ನೋಡಿ ಹೇಳಿದ ಮಾತು ಇದು. ಆದರೆ ಈ ಪುಸ್ತಕ ಹೆಣ್ಣುಮಕ್ಕಳ ಕೈಗೆ ಸಿಗದಂತೆ ನೋಡಿಕೊಂಡ ಮನೆಗಳೇ ಹೆಚ್ಚು.

ಸ್ವಯಂವರದ ಸ್ವಾತಂತ್ರ್ಯ

ಹಿಂದೆ ಸ್ವಯಂವರ ಇರಲಿಲ್ಲವೇ ಎಂದು ಕೇಳಬಹುದು. ಇತ್ತು; ಕಾವ್ಯಗಳಲ್ಲಿ ಧಾರಾಳವಾಗಿ ಇತ್ತು. ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನನ್ನು ಕರಹಾಟದ ಶಿಲಾಹಾರ ರಾಜಕುಮಾರಿ ಚಂದ್ರಲೇಖೆ ಸ್ವಯಂವರದಲ್ಲಿ ವರಿಸಿದ ಪ್ರಸಂಗವನ್ನು ಆತನ ಆಸ್ಥಾನಕವಿ ಬಿಲ್ಹಣ ‘ವಿಕ್ರಮಾಂಕದೇವಚರಿತ’ದಲ್ಲಿ ವರ್ಣಿಸಿದ್ದಾನೆ. ಆದರೆ ಸ್ವಯಂವರ ಅರಮನೆಯ ಮಾತು. ಅಲ್ಲಿಯೂ ಸ್ವಾತಂತ್ರ್ಯಕ್ಕೆ ಮಿತಿಯಿತ್ತು. ಸೀತೆಗೆ ಬಿಲ್ಲಿನ ಪಣ, ದ್ರೌಪದಿಗೆ ಮತ್ಸ್ಯಯಂತ್ರದ ಪಣ. ಪಣ ಒಡ್ಡಿದವರು ತಂದೆಯರು. ಗೆದ್ದವನಿಗೆ ಮಾಲೆ ಹಾಕುವುದಷ್ಟೇ ಮಗಳ ಪಾಲಿನ ಕೆಲಸ.

ಇದಕ್ಕೆ ಅಪವಾದವಾಗಿ ನಿಲ್ಲುವವಳು ಮಹಾಭಾರತದ ಸಾವಿತ್ರಿ. ಯಮನಿಂದ ಗಂಡನ ಪ್ರಾಣ ಬಿಡಿಸಿಕೊಂಡ ಪತಿವ್ರತೆ ಎಂದು ಅವಳ ಕಥೆಯ ಉತ್ತರಾರ್ಧವನ್ನು ಎಲ್ಲರೂ ಹೇಳುತ್ತಾರೆ. ಪೂರ್ವಾರ್ಧವನ್ನು ಹೇಳುವವರು ಕಡಿಮೆ. ಕೈ ಹಿಡಿಯಲು ಯಾರೂ ಮುಂದೆ ಬಾರದಾದಾಗ ತಂದೆ ಅಶ್ವಪತಿ ಮಗಳಿಗೆ ರಥ ಕೊಟ್ಟು, ಜೊತೆಗೆ ವೃದ್ಧ ಮಂತ್ರಿಗಳನ್ನು ಕಳಿಸಿ, ನಿನಗೆ ತಕ್ಕವನನ್ನು ನೀನೇ ಹುಡುಕಿಕೋ ಎಂದ. ಅವಳು ಊರೂರು, ಆಶ್ರಮ ಆಶ್ರಮ ತಿರುಗಿ, ರಾಜ್ಯ ಕಳೆದುಕೊಂಡು ಕಾಡು ಸೇರಿದ್ದ ಕುರುಡು ದೊರೆಯ ಮಗ ಸತ್ಯವಾನನನ್ನು ಮೆಚ್ಚಿ ಬಂದಳು. ಆತನಿಗೆ ಒಂದೇ ವರ್ಷದ ಆಯುಸ್ಸು ಎಂದು ನಾರದರು ಎಚ್ಚರಿಸಿದರು. ಬೇರೊಬ್ಬನನ್ನು ನೋಡು ಎಂದು ತಂದೆ ಬೇಡಿದ. ಅವಳು ಜಗ್ಗಲಿಲ್ಲ.

ಸಾವಿತ್ರಿಗೆ ಮೂರು ಅನುಕೂಲಗಳಿದ್ದವು: ವರನನ್ನು ಕಣ್ಣಾರೆ ನೋಡುವ ಅವಕಾಶ, ವಿಚಾರ ಮಾಡಲು ಸಮಯ, ಹಿರಿಯರ ಮಾತು ಕೇಳಿದ ಮೇಲೂ ತನ್ನ ತೀರ್ಮಾನವೇ ಉಳಿಯುವ ಅಧಿಕಾರ. ಸಾವಿತ್ರಿಯ ಹೆಸರಿನಲ್ಲಿ ವ್ರತ ಮಾಡಿದ ಸಾವಿರಾರು ಹೆಣ್ಣುಮಕ್ಕಳಿಗೆ ಈ ಮೂರರಲ್ಲಿ ಒಂದೂ ಇರಲಿಲ್ಲ.

ಸಂಚಿಯ ಹೊನ್ನಮ್ಮನ ಪ್ರಶ್ನೆ

ಕನ್ನಡದಲ್ಲಿ ಹೆಣ್ಣೊಬ್ಬಳು ಹೆಣ್ಣುಮಕ್ಕಳಿಗಾಗಿಯೇ ಬರೆದ ಹಳೆಯ ಬುದ್ಧಿವಾದದ ಕೃತಿ ‘ಹದಿಬದೆಯ ಧರ್ಮ’. ಮೈಸೂರಿನ ಚಿಕದೇವರಾಜ ಒಡೆಯರ (1673-1704) ಅರಮನೆಯಲ್ಲಿ ಎಲೆಅಡಿಕೆಯ ಸಂಚಿ ಹಿಡಿಯುವ ಊಳಿಗದಲ್ಲಿದ್ದ ಹೊನ್ನಮ್ಮ ಇದನ್ನು ಸಾಂಗತ್ಯದಲ್ಲಿ ಬರೆದಳು. ಹೆಸರೇ ಹೇಳುವಂತೆ ಇದು ಪತಿವ್ರತೆಯ ಧರ್ಮ. ಗಂಡನನ್ನು ಆರಿಸುವ ಪ್ರಶ್ನೆ ಇಲ್ಲಿ ಮುಖ್ಯವಾಗುವುದಿಲ್ಲ; ಮದುವೆಯಾದ ಮೇಲಿನ ನಡೆನುಡಿಯೇ ಇಲ್ಲಿನ ವಸ್ತು. ಆದರೂ ಹೊನ್ನಮ್ಮ ಒಂದೆಡೆ ತಡೆದು ನಿಲ್ಲುತ್ತಾಳೆ. ಹೆತ್ತ ತಾಯಿ ಹೆಣ್ಣು, ಸಾಕಿದವಳು ಹೆಣ್ಣು. ಹೀಗಿರುವಾಗ ಹೆಣ್ಣೆಂದು ಹೀಗಳೆಯುವವರಿಗೆ ಕಣ್ಣಿಲ್ಲವೇ ಎಂಬ ಅರ್ಥದಲ್ಲಿ ಆಕೆ ಕೇಳುವ ಪ್ರಶ್ನೆ ಇಂದಿಗೂ ಶಾಲಾ ಮಕ್ಕಳಿಗೆ ಪರಿಚಿತ. ಕಟ್ಟಳೆಯೊಳಗೆ ಇದ್ದುಕೊಂಡೇ ಕೇಳಿದ ಪ್ರಶ್ನೆ ಅದು.

ಎಲ್ಲ ಸಮುದಾಯಗಳ ಕಟ್ಟಳೆಯೂ ಒಂದೇ ಆಗಿರಲಿಲ್ಲ ಎಂಬುದನ್ನೂ ಗಮನಿಸಬೇಕು. ತುಳುನಾಡಿನ ಅಳಿಯಸಂತಾನ ಕುಟುಂಬಗಳಲ್ಲಿ ಆಸ್ತಿ ತಾಯಿಯ ಕಡೆಯಿಂದ ಇಳಿಯುತ್ತಿದ್ದುದರಿಂದ, ಹೊಂದಾಣಿಕೆಯಾಗದ ಗಂಡನನ್ನು ಬಿಟ್ಟ ಹೆಣ್ಣಿಗೆ ನಿಲ್ಲಲು ತನ್ನದೇ ಮನೆಯಿತ್ತು. ಉತ್ತರ ಕರ್ನಾಟಕದ ಹಲವು ದುಡಿಯುವ ಸಮುದಾಯಗಳಲ್ಲಿ ಗಂಡ ಸತ್ತವಳು, ಗಂಡನನ್ನು ಬಿಟ್ಟವಳು ಉಡಿಕೆಯ ಮೂಲಕ ಮತ್ತೊಂದು ಸಂಸಾರ ಹೂಡಬಹುದಿತ್ತು. ಮೊದಲ ಆಯ್ಕೆ ತಪ್ಪಿದರೂ ತಿದ್ದಿಕೊಳ್ಳುವ ದಾರಿ ಅಲ್ಲಿತ್ತು. ಆ ದಾರಿ ಪೂರ್ತಿ ಮುಚ್ಚಿದ್ದು ಮೇಲ್ಜಾತಿಯೆನಿಸಿಕೊಂಡ ಮನೆಗಳಲ್ಲಿ.

ನನ್ನನ್ನು ಯಾರೂ ಕೇಳಲಿಲ್ಲ

ಮುಚ್ಚಿದ ಬಾಗಿಲನ್ನು ನ್ಯಾಯಾಲಯದಲ್ಲಿ ನಿಂತು ತಟ್ಟಿದವಳು ಮುಂಬಯಿಯ ರಖಮಾಬಾಯಿ. 1864ರಲ್ಲಿ ಹುಟ್ಟಿದ ಈಕೆಗೆ ಹನ್ನೊಂದರ ವಯಸ್ಸಿನಲ್ಲಿ ದಾದಾಜಿ ಭಿಕಾಜಿ ಎಂಬ ಹತ್ತೊಂಬತ್ತರ ತರುಣನೊಡನೆ ಮದುವೆಯಾಯಿತು. ಆಕೆ ತಾಯಿಯ ಮನೆಯಲ್ಲೇ ಉಳಿದಳು. ಮಲತಂದೆ ಡಾ. ಸಖಾರಾಮ ಅರ್ಜುನ ವೈದ್ಯರು, ವಿದ್ಯಾಪಕ್ಷಪಾತಿ. ಅಳಿಯನೂ ಓದಿ ಮುಂದೆ ಬರಲಿ ಎಂದು ಅವರು ಬಯಸಿದ್ದರು. ದಾದಾಜಿಗೆ ಓದು ಹಿಡಿಸಲಿಲ್ಲ. ರಖಮಾಬಾಯಿ ಮಾತ್ರ ಮನೆಯಲ್ಲೇ ಪುಸ್ತಕ ಹಿಡಿದು ಕಲಿತಳು. ಗಂಡ ಸಂಸಾರಕ್ಕೆ ಕರೆದಾಗ ಹೋಗಲಾರೆ ಎಂದಳು.

1884ರಲ್ಲಿ ದಾದಾಜಿ ಹೆಂಡತಿಯನ್ನು ತನ್ನ ವಶಕ್ಕೆ ಕೊಡಿಸಬೇಕೆಂದು ಮುಂಬಯಿ ಹೈಕೋರ್ಟಿನಲ್ಲಿ ದಾವೆ ಹೂಡಿದ. ರಖಮಾಬಾಯಿಯ ಕಡೆಯಿಂದ ಮುಂದಿಟ್ಟ ಕಾರಣಗಳನ್ನು ನೋಡಿದರೆ ಆಶ್ಚರ್ಯವಾಗುತ್ತದೆ. ಆತನಿಗೆ ಸಂಪಾದನೆಯಿಲ್ಲ, ಆರೋಗ್ಯವಿಲ್ಲ, ನಡತೆ ಸರಿಯಿಲ್ಲ. ಶಾಸ್ತ್ರಗಳು ತಂದೆಗೆ ಕೊಟ್ಟಿದ್ದ ವರಪರೀಕ್ಷೆಯ ಪಟ್ಟಿಯೇ ಅದು. ಮದುವೆಯಾಗಿ ಎಂಟೊಂಬತ್ತು ವರ್ಷಗಳ ನಂತರ ಹುಡುಗಿ ತಾನೇ ಅದನ್ನು ಕೈಗೆತ್ತಿಕೊಂಡಿದ್ದಳು. ಅದಕ್ಕೆ ಆಕೆ ಹೊಸದೊಂದನ್ನು ಸೇರಿಸಿದಳು: ತಿಳಿವಳಿಕೆ ಬರುವ ಮೊದಲು, ತನ್ನ ಒಪ್ಪಿಗೆಯಿಲ್ಲದೆ ನಡೆದ ಮದುವೆ ತನ್ನನ್ನು ಕಟ್ಟಿಹಾಕಲಾರದು.

1885ರ ಸೆಪ್ಟೆಂಬರಿನಲ್ಲಿ ನ್ಯಾಯಮೂರ್ತಿ ಪಿನ್ಹೆ ಆಕೆಯ ಪರವಾಗಿ ತೀರ್ಪಿತ್ತರು. ಇಷ್ಟವಿಲ್ಲದ ಹೆಣ್ಣನ್ನು ಬಲವಂತವಾಗಿ ಗಂಡನ ಬಳಿಗೆ ಅಟ್ಟುವುದು ಕ್ರೌರ್ಯ ಎಂಬುದು ಅವರ ಅಭಿಪ್ರಾಯ. ಮೇಲ್ಮನವಿಯಲ್ಲಿ ಆ ತೀರ್ಪು ನಿಲ್ಲಲಿಲ್ಲ. 1887ರ ಮಾರ್ಚಿನಲ್ಲಿ ನ್ಯಾಯಮೂರ್ತಿ ಫ್ಯಾರನ್, ಒಂದು ತಿಂಗಳೊಳಗೆ ಗಂಡನ ಮನೆಗೆ ಹೋಗಬೇಕು, ಇಲ್ಲವಾದರೆ ಆರು ತಿಂಗಳವರೆಗಿನ ಸೆರೆವಾಸಕ್ಕೆ ಸಿದ್ಧಳಾಗಬೇಕು ಎಂದು ಆದೇಶಿಸಿದರು. ಜೈಲಿಗಾದರೂ ಹೋದೇನು, ಆ ಮನೆಗೆ ಹೋಗೆ ಎಂಬುದು ರಖಮಾಬಾಯಿಯ ಉತ್ತರ.

ದೇಶವೇ ಎರಡು ಬಣವಾಯಿತು. ಬಾಲಗಂಗಾಧರ ತಿಲಕರ ‘ಕೇಸರಿ’ ರಖಮಾಬಾಯಿಯ ವಿರುದ್ಧ ಬರೆಯಿತು. ಬೆಹರಾಮಜಿ ಮಲಬಾರಿಯಂಥ ಸುಧಾರಕರು ಆಕೆಯ ಬೆನ್ನಿಗೆ ನಿಂತರು. ಆಕೆಯೂ ಸುಮ್ಮನಿರಲಿಲ್ಲ, 1885ರಲ್ಲಿಯೇ ‘ಒಬ್ಬ ಹಿಂದೂ ಮಹಿಳೆ’ ಎಂಬ ಹೆಸರಿನಲ್ಲಿ ‘ಟೈಮ್ಸ್ ಆಫ್ ಇಂಡಿಯಾ’ಕ್ಕೆ ಬಾಲ್ಯವಿವಾಹದ ವಿರುದ್ಧ ಪತ್ರಗಳನ್ನು ಬರೆದಿದ್ದಳು. ಕೊನೆಗೆ 1888ರಲ್ಲಿ ರಾಜಿಯಾಯಿತು. ಎರಡು ಸಾವಿರ ರೂಪಾಯಿ ಪಡೆದು ದಾದಾಜಿ ತನ್ನ ಹಕ್ಕು ಬಿಟ್ಟುಕೊಟ್ಟ. ರಖಮಾಬಾಯಿ ಲಂಡನ್ನಿಗೆ ಹೋಗಿ ವೈದ್ಯಶಾಸ್ತ್ರ ಓದಿ, ಮರಳಿ ಬಂದು ಸೂರತ್ ಮತ್ತು ರಾಜಕೋಟೆಗಳಲ್ಲಿ ದಶಕಗಳ ಕಾಲ ಹೆಂಗಸರ ಆಸ್ಪತ್ರೆಗಳನ್ನು ನಡೆಸಿದಳು. ಮತ್ತೆ ಮದುವೆಯಾಗಲಿಲ್ಲ. ದಾದಾಜಿ ಮಾತ್ರ ಬೇಗನೆ ಇನ್ನೊಂದು ಮದುವೆ ಮಾಡಿಕೊಂಡ.

ಅದೇ ವರ್ಷ, ಕನ್ನಡದಲ್ಲಿ

ರಖಮಾಬಾಯಿಗೆ ಜೈಲಿನ ಆದೇಶವಾದ 1887ರಲ್ಲೇ ಕನ್ನಡದಲ್ಲಿ ಒಂದು ನಾಟಕ ಹೊರಬಂತು. ಉತ್ತರ ಕನ್ನಡದ ಕರ್ಕಿ ವೆಂಕಟರಮಣ ಶಾಸ್ತ್ರಿ ಸೂರಿಯವರ ‘ಇಗ್ಗಪ್ಪ ಹೆಗಡೆಯ ವಿವಾಹ ಪ್ರಹಸನ’ ಅದು. ಹಣಕ್ಕಾಗಿ ಎಳೆಯ ಮಗಳನ್ನು ಮುದುಕನಿಗೆ ಕೊಡುವ ಕನ್ಯಾವಿಕ್ರಯವೇ ಅದರ ವಸ್ತು. ಕನ್ನಡದ ಮೊದಲ ಸಾಮಾಜಿಕ ನಾಟಕ ಎಂದು ಹೆಸರಾದ ಈ ಕೃತಿ ಬೆರಳು ಮಾಡಿದ್ದು ಪಟ್ಟಿ ಹಿಡಿದ ತಂದೆಯ ಕಡೆಗೇ. ವರನ ಯೋಗ್ಯತೆ ನೋಡಬೇಕಾದವನೇ ವರನ ಥೈಲಿ ನೋಡತೊಡಗಿದರೆ ಮಗಳ ಗತಿ ಏನು ಎಂಬುದು ಅದು ಎತ್ತಿದ ಪ್ರಶ್ನೆ.

ಹನ್ನೆರಡು ವರ್ಷಗಳ ನಂತರ, 1899ರಲ್ಲಿ, ಮಂಗಳೂರಿನಿಂದ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ ಬಂತು. ಇದು ಕನ್ನಡದ ಮೊದಲ ಸಾಮಾಜಿಕ ಕಾದಂಬರಿ. ಎಳವೆಯಲ್ಲೇ ವಿಧವೆಯಾದ ಇಂದಿರೆ ಓದು ಕಲಿತು, ತನಗೆ ಸರಿಕಂಡ ಭಾಸ್ಕರನನ್ನು ಮದುವೆಯಾಗುತ್ತಾಳೆ. ಮೊದಲ ಮದುವೆಗೂ ಎರಡನೆಯದಕ್ಕೂ ಇರುವ ಅಂತರವನ್ನು ಗಮನಿಸಬೇಕು. ಮೊದಲನೆಯದು ಹಿರಿಯರು ಮಾಡಿದ್ದು, ಎರಡನೆಯದು ಅವಳೇ ಒಪ್ಪಿದ್ದು. ನಡುವೆ ಇರುವುದು ಅಕ್ಷರ.

ಆ ಅಕ್ಷರದ ಬಲದಿಂದ ಹೆಂಗಸರೇ ಲೇಖನಿ ಹಿಡಿದಾಗ ಬುದ್ಧಿವಾದದ ದನಿ ಬದಲಾಯಿತು. 1910ರ ದಶಕದಲ್ಲಿ ‘ಸತಿ ಹಿತೈಷಿಣಿ’ ಗ್ರಂಥಮಾಲೆ, ‘ಕರ್ನಾಟಕ ನಂದಿನಿ’ ಪತ್ರಿಕೆಗಳನ್ನು ನಡೆಸಿದ ನಂಜನಗೂಡು ತಿರುಮಲಾಂಬಾ, ಆನಂತರ ‘ಸರಸ್ವತಿ’ ಪತ್ರಿಕೆಯನ್ನು ನಡೆಸಿದ ಆರ್. ಕಲ್ಯಾಣಮ್ಮ, ಇಬ್ಬರೂ ಬಾಲವಿಧವೆಯರು. ತಮ್ಮ ಮದುವೆಯ ವಿಷಯದಲ್ಲಿ ಮಾತಾಡುವ ವಯಸ್ಸೇ ಇಲ್ಲದಿದ್ದವರು ಬೇರೆ ಹೆಣ್ಣುಮಕ್ಕಳಿಗೆ ಓದಿನ, ಬದುಕಿನ ದಾರಿ ತೋರಿಸಿದರು.

ವಯಸ್ಸಿನ ಲೆಕ್ಕ

ಆಯ್ಕೆ ಮಾಡಬೇಕಾದರೆ ಆಯ್ಕೆ ಮಾಡುವ ವಯಸ್ಸು ಬೇಕು. ಕಾನೂನಿನ ಹೋರಾಟ ನಡೆದದ್ದು ಮುಖ್ಯವಾಗಿ ಈ ಲೆಕ್ಕದ ಸುತ್ತ. 1891ರಲ್ಲಿ ಬ್ರಿಟಿಷ್ ಸರಕಾರ ಸಮ್ಮತಿಯ ವಯಸ್ಸನ್ನು ಹತ್ತರಿಂದ ಹನ್ನೆರಡಕ್ಕೆ ಏರಿಸಿದಾಗ ಎದ್ದ ಗದ್ದಲ ಅಷ್ಟಿಷ್ಟಲ್ಲ. 1894ರಲ್ಲಿ ಮೈಸೂರು ಸಂಸ್ಥಾನ ತನ್ನದೇ ಶಿಶುವಿವಾಹ ನಿಷೇಧ ಕಾಯಿದೆ ತಂದಿತು. ಎಂಟು ವರ್ಷ ತುಂಬದ ಹುಡುಗಿಯ ಮದುವೆ, ಐವತ್ತು ದಾಟಿದ ಗಂಡಸಿಗೆ ಹದಿನಾಲ್ಕು ತುಂಬದ ಹುಡುಗಿಯನ್ನು ಕೊಡುವುದು, ಎರಡೂ ಅಪರಾಧವಾದವು. ಇಂದು ಇದು ತೀರಾ ಅಲ್ಪವೆನಿಸುತ್ತದೆ. ಇಂಥ ಕಾಯಿದೆ ಬೇಕಾಗಿತ್ತು ಎಂಬುದೇ ಅಂದಿನ ಸ್ಥಿತಿಗೆ ಸಾಕ್ಷಿ.

1929ರ ಶಾರದಾ ಕಾಯಿದೆ ಹುಡುಗಿಗೆ ಹದಿನಾಲ್ಕು, ಹುಡುಗನಿಗೆ ಹದಿನೆಂಟು ಎಂದು ಗೆರೆ ಎಳೆಯಿತು. 1949ರಲ್ಲಿ ಹುಡುಗಿಯ ವಯಸ್ಸು ಹದಿನೈದಾಯಿತು. 1955ರ ಹಿಂದೂ ವಿವಾಹ ಕಾಯಿದೆಯೂ ಹದಿನೈದನ್ನೇ ಉಳಿಸಿಕೊಂಡು, ಹದಿನೆಂಟು ತುಂಬದ ವಧುವಿನ ಮದುವೆಗೆ ಪಾಲಕರ ಒಪ್ಪಿಗೆ ಬೇಕೆಂದಿತು. ಆ ಪಾಲಕರ ಸಾಲಿನಲ್ಲಿ ಮೊದಲು ತಂದೆ, ನಂತರ ತಾಯಿ. 1978ರಲ್ಲಿ ಹುಡುಗಿಗೆ ಹದಿನೆಂಟು, ಹುಡುಗನಿಗೆ ಇಪ್ಪತ್ತೊಂದು ಎಂದಾದಾಗ ಪಾಲಕರ ಒಪ್ಪಿಗೆಯ ಆ ಕಲಮನ್ನೇ ಕೈಬಿಡಲಾಯಿತು. ವಧು ಇನ್ನು ಪ್ರಾಪ್ತ ವಯಸ್ಕಳು, ಒಪ್ಪಿಗೆ ಅವಳದೇ.

ಇದಕ್ಕೂ ಎರಡು ವರ್ಷ ಮೊದಲು, 1976ರಲ್ಲಿ, ಹೆಚ್ಚು ಸದ್ದು ಮಾಡದ ಒಂದು ತಿದ್ದುಪಡಿ ಬಂದಿತ್ತು. ಹದಿನೈದು ತುಂಬುವ ಮೊದಲೇ ಮದುವೆ ಮಾಡಿಸಲ್ಪಟ್ಟ ಹುಡುಗಿ ಹದಿನೆಂಟರೊಳಗೆ ಆ ಮದುವೆಯನ್ನು ನಿರಾಕರಿಸಿದ್ದರೆ ವಿಚ್ಛೇದನ ಪಡೆಯಬಹುದು. ರಖಮಾಬಾಯಿ ಹೈಕೋರ್ಟಿನಲ್ಲಿ ಕೇಳಿದ್ದೂ ಇದನ್ನೇ. ಫ್ಯಾರನ್ ತೀರ್ಪಿನಿಂದ ಈ ತಿದ್ದುಪಡಿಗೆ ಎಂಬತ್ತೊಂಬತ್ತು ವರ್ಷ ಹಿಡಿಯಿತು. ಆಕೆ 1955ರ ಸೆಪ್ಟೆಂಬರಿನಲ್ಲಿ, ಹಿಂದೂ ವಿವಾಹ ಕಾಯಿದೆ ಜಾರಿಯಾದ ಕೆಲವೇ ತಿಂಗಳಲ್ಲಿ ತೀರಿಕೊಂಡಿದ್ದಳು. ಆಕೆಯ ವಿರುದ್ಧ ದಾದಾಜಿ ಬಳಸಿದ ಅಸ್ತ್ರ, ಅಂದರೆ ದೂರವಾದ ಸಂಗಾತಿಯನ್ನು ಮರಳಿ ಕೊಡಿಸುವಂತೆ ಕೋರುವ ದಾವೆ, ಆ ಕಾಯಿದೆಯ ಒಂಬತ್ತನೆಯ ಕಲಮಿನಲ್ಲಿ ಉಳಿದುಕೊಂಡೇ ಬಂದಿದೆ.

ತೆರದಿಂದ ವರದಕ್ಷಿಣೆಗೆ

ವಯಸ್ಸು ಬಂದರೂ ಆಯ್ಕೆ ಸುಲಭವಾಗಲಿಲ್ಲ. ಹಳೆಯ ಮೈಸೂರಿನ ಎಷ್ಟೋ ಒಕ್ಕಲು ಸಮುದಾಯಗಳಲ್ಲಿ ಗಂಡಿನ ಕಡೆಯವರೇ ಹೆಣ್ಣಿಗೆ ತೆರ ಕೊಡುತ್ತಿದ್ದರು. ಇಪ್ಪತ್ತನೆಯ ಶತಮಾನದಲ್ಲಿ ಇಂಗ್ಲಿಷ್ ಓದು, ಸರಕಾರಿ ನೌಕರಿ ಬಂದ ಹಾಗೆ ಓದಿದ ವರನಿಗೆ ಬೆಲೆ ಕಟ್ಟುವ ಪದ್ಧತಿ ಹಬ್ಬಿತು. ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸ್ 1942ರಷ್ಟು ಹಿಂದೆಯೇ ಮೈಸೂರು ಸೀಮೆಯ ಮದುವೆ ಮತ್ತು ಕುಟುಂಬಗಳ ಬಗ್ಗೆ ಪುಸ್ತಕ ಪ್ರಕಟಿಸಿದ್ದರು. ಆಧುನಿಕ ವರದಕ್ಷಿಣೆಯನ್ನು ಹಳೆಯ ಸ್ತ್ರೀಧನದ ಮುಂದುವರಿಕೆ ಎನ್ನಲಾಗದು ಎಂದು ಅವರು ಮುಂದೆ ವಾದಿಸಿದರು. 1961ರಲ್ಲಿ ವರದಕ್ಷಿಣೆ ನಿಷೇಧ ಕಾಯಿದೆ ಬಂದರೂ ಅದು ಉಡುಗೊರೆಯ ವೇಷದಲ್ಲಿ ಉಳಿಯಿತು. ಹುಡುಗನ ಸಂಬಳವೇ ಯೋಗ್ಯತೆಯ ಮೊದಲ ಸಾಲಾದಾಗ, ಹೆಣ್ಣಿನ ಕಡೆಯವರು ಪರೀಕ್ಷಿಸುವವರಾಗದೆ ಹರಾಜಿನಲ್ಲಿ ಕೂಗುವವರಾದರು.

‘ಹೆಣ್ಣು ನೋಡುವ’ ಶಾಸ್ತ್ರವೂ ಇದಕ್ಕೆ ತಕ್ಕಂತೆಯೇ ಇತ್ತು. ಗಂಡಿನ ಕಡೆಯವರು ಬರುವುದು, ಉಪ್ಪಿಟ್ಟು-ಕೇಸರಿಬಾತು ತಿನ್ನುವುದು, ಹುಡುಗಿಯಿಂದ ಒಂದು ಹಾಡು ಹೇಳಿಸುವುದು, ಊರಿಗೆ ಹೋಗಿ ತಿಳಿಸುತ್ತೇವೆ ಎನ್ನುವುದು. ಹೆಸರಿನಲ್ಲೇ ಇರುವಂತೆ ನೋಡುವವರು ಅವರು, ನೋಡಿಸಿಕೊಳ್ಳುವವಳು ಇವಳು. ತಲೆ ತಗ್ಗಿಸಿ ಕುಳಿತ ಹುಡುಗಿಗೆ ಎದುರಿಗಿದ್ದವನ ಮುಖವೇ ಸರಿಯಾಗಿ ಕಾಣದು. ಸ್ವಭಾವ ಕಾಣುವುದು ದೂರದ ಮಾತು.

ಪಟ್ಟಿಯಲ್ಲಿ ಸಿಗದ ಗುಣ

ಸ್ವಭಾವದ ಈ ಪ್ರಶ್ನೆಯನ್ನು ಕನ್ನಡದ ಮನೆಮನೆಗೆ ಮುಟ್ಟಿಸಿದವರು ತ್ರಿವೇಣಿ. ಪುಟ್ಟಣ್ಣ ಕಣಗಾಲರ 1971ರ ಚಿತ್ರದಿಂದ ಇನ್ನಷ್ಟು ಹೆಸರಾದ ಅವರ ‘ಶರಪಂಜರ’ದಲ್ಲಿ ಗಂಡ ಓದಿದವನು, ನೌಕರಿಯಲ್ಲಿರುವವನು, ಮೆಚ್ಚಿ ಕೈ ಹಿಡಿದವನು. ಯಾವ ಹಿರಿಯರ ಪಟ್ಟಿಯಲ್ಲಾದರೂ ಪಾಸಾಗುವವನು. ಆದರೆ ಬಾಣಂತನದ ನಂತರ ಹೆಂಡತಿ ಕಾವೇರಿ ಮನೋರೋಗಕ್ಕೆ ತುತ್ತಾದಾಗ ಅವನ ಬಣ್ಣ ಬಯಲಾಗುತ್ತದೆ. ಕಷ್ಟಕಾಲದಲ್ಲಿ ಈತ ಹೇಗೆ ನಡೆದುಕೊಂಡಾನು ಎಂಬುದನ್ನು ಅಳೆಯಲು ಜಾತಕದಲ್ಲೂ ಸಂಬಳದ ಚೀಟಿಯಲ್ಲೂ ಜಾಗವಿಲ್ಲ. ಅದನ್ನು ತಿಳಿಯಲು ಮಾತುಕತೆ ಬೇಕು, ಒಡನಾಟ ಬೇಕು, ಕಾಲಾವಕಾಶ ಬೇಕು.

ಮದುವೆಯ ವಿಧಿಯಲ್ಲಿಯೇ ವಧುವಿಗೆ ದನಿ ಕೊಡುವ ಪ್ರಯತ್ನವೂ ನಮ್ಮಲ್ಲಿ ನಡೆದಿದೆ. ಕನ್ಯಾದಾನದಲ್ಲಿ ಕೊಡುವವನು ತಂದೆ, ಪಡೆಯುವವನು ವರ. ಕುವೆಂಪು ರೂಪಿಸಿದ ‘ಮಂತ್ರ ಮಾಂಗಲ್ಯ’ದಲ್ಲಿ ಪುರೋಹಿತರಿಲ್ಲ, ವರದಕ್ಷಿಣೆಯಿಲ್ಲ; ವಧೂವರರೇ ಪರಸ್ಪರ ಪ್ರತಿಜ್ಞೆ ಮಾಡುತ್ತಾರೆ. 1966ರಲ್ಲಿ ಅವರ ಮಗ ಪೂರ್ಣಚಂದ್ರ ತೇಜಸ್ವಿಯವರ ಮದುವೆ ಹೀಗೆ ನಡೆಯಿತು. 1954ರ ವಿಶೇಷ ವಿವಾಹ ಕಾಯಿದೆಯಲ್ಲೂ ವಧು ಅಧಿಕಾರಿಯ ಎದುರು ತನ್ನ ಬಾಯಿಂದಲೇ ಒಪ್ಪಿಗೆಯ ಮಾತು ಹೇಳಬೇಕು. ಪ್ರಾಪ್ತ ವಯಸ್ಕಳಾದ ಹೆಣ್ಣು ಸಂಗಾತಿಯನ್ನು ತಾನೇ ಆರಿಸಿಕೊಳ್ಳುವುದು ಸಂವಿಧಾನ ಕೊಟ್ಟ ಹಕ್ಕು ಎಂದು ಸುಪ್ರೀಂ ಕೋರ್ಟು ಕೇರಳದ ಹಾದಿಯಾ ಪ್ರಕರಣದಲ್ಲಿ 2018ರಲ್ಲಿ ಸ್ಪಷ್ಟವಾಗಿ ಹೇಳಿತು. ಆ ಪ್ರಕರಣದಲ್ಲಿಯೂ ಮಗಳ ಆಯ್ಕೆಯನ್ನು ಪ್ರಶ್ನಿಸಿ ನ್ಯಾಯಾಲಯಕ್ಕೆ ಹೋಗಿದ್ದವರು ತಂದೆ.

ಹಾಗಾದರೆ ಹಿರಿಯರ ಬುದ್ಧಿವಾದ ಬೇಡವೇ? ಬೇಕು. ಸಾವಿತ್ರಿಯೂ ನಾರದರ ಮಾತು ಕೇಳಿದಳು. ಊರುಕೇರಿಯಲ್ಲಿ ವಿಚಾರಿಸುವುದು, ಚಟಗಳ ಬಗ್ಗೆ ತಿಳಿಯುವುದು, ಸಾಲಸೋಲದ ಲೆಕ್ಕ ಕೇಳುವುದು, ಹೆತ್ತ ತಾಯಿಯನ್ನು, ಅಕ್ಕತಂಗಿಯರನ್ನು ಆತ ಹೇಗೆ ನಡೆಸಿಕೊಳ್ಳುತ್ತಾನೆಂದು ಗಮನಿಸುವುದು - ಇವೆಲ್ಲ ಇಂದಿಗೂ ಒಳ್ಳೆಯ ಸಲಹೆಗಳೇ. ಆದರೆ ಪ್ರಶ್ನೆ ಕೇಳುವವಳು ಹುಡುಗಿಯೇ ಆಗಿರಬೇಕು. ಉತ್ತರ ಹಿಡಿಸದಿದ್ದರೆ ಒಲ್ಲೆ ಎನ್ನುವ ಧೈರ್ಯಕ್ಕೆ ಆಧಾರವಾಗಿ ಓದೋ, ದುಡಿಮೆಯೋ, ತವರಿನ ಬೆಂಬಲವೋ ಇರಬೇಕು. ರಖಮಾಬಾಯಿ ಗೆದ್ದದ್ದು ನ್ಯಾಯಾಲಯದಲ್ಲಲ್ಲ. ಮರಳಿ ಬರಲು ಒಂದು ಮನೆ, ಕೈಯಲ್ಲಿ ಒಂದು ವಿದ್ಯೆ ಇದ್ದುದರಿಂದ ಆಕೆಯ ಬದುಕು ಗೆದ್ದಿತು.

2006ರ ಬಾಲ್ಯವಿವಾಹ ನಿಷೇಧ ಕಾಯಿದೆಗೆ ಕರ್ನಾಟಕ 2016ರಲ್ಲಿ ತಿದ್ದುಪಡಿ ತಂದು, ರಾಜ್ಯದಲ್ಲಿ ನಡೆಯುವ ಇಂಥ ಮದುವೆಗಳು ಮೊದಲಿನಿಂದಲೇ ಅಸಿಂಧು ಎಂದು ಸಾರಿತು. ಆದರೂ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದಲ್ಲಿ 20ರಿಂದ 24ರ ವಯಸ್ಸಿನ ಹೆಣ್ಣುಮಕ್ಕಳಲ್ಲಿ ಶೇಕಡ 21.3ರಷ್ಟು ಮಂದಿಗೆ ಹದಿನೆಂಟು ತುಂಬುವ ಮೊದಲೇ ಮದುವೆಯಾಗಿತ್ತು. ಐವರಲ್ಲಿ ಒಬ್ಬಳಿಗಿಂತ ಹೆಚ್ಚು. ಒಳ್ಳೆಯ ಗಂಡನನ್ನು ಆರಿಸುವುದು ಹೇಗೆಂಬ ಬುದ್ಧಿವಾದ ಇವರ ಕಿವಿಗೆ ಬೀಳುವ ಮೊದಲೇ ಕೊರಳಿಗೆ ತಾಳಿ ಬಿದ್ದಿತ್ತು.